ಗೂಢನಿರ್ಗಮನ

ಬೆಂಗಳೂರಿನ ಪಶ್ಚಿಮ ದಿಕ್ಕಿನ ಬಡಾವಣೆಗಳಾದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಇಂದು ಗಣಕಯಂತ್ರದ ಉದ್ಯೋಗದವರು ಇಲ್ಲದ ಬೀದಿ ಸಿಗುವುದು ಅಪರೂಪ. ವಿಜಯನಗರದ ನಿವಾಸಿಯಾದ ನನ್ನ ಕಿವಿಗೆ ಈ ತರುಣರ ಮಾತಿನ ನಡುವೆ ಆಗಾಗ ಬೀಳುವ ಪದವೊಂದುಂಟು: ‘ಎಕ್ಸ್‌ಫಿಲ್’. ಒಂದು ಸಂಸ್ಥೆಯ ಗಣಕಯಂತ್ರದಲ್ಲಿರುವ ಮಾಹಿತಿಯನ್ನು, ಕಾವಲಿನವರಿಗೆ ಸುಳಿವು ಸಿಗದಂತೆ ಹೊರಗೆ ಸಾಗಿಸುವುದಕ್ಕೆ ಅವರು ಈ ಹೆಸರನ್ನಿಟ್ಟಿದ್ದಾರೆ. ಪದ ಅವರ ಸ್ವಂತದ್ದಲ್ಲ, ಸೈನಿಕರಿಂದ ಎರವಲು ತಂದದ್ದು. ಶತ್ರುವಿನ ನೆಲದಲ್ಲಿ ಸಿಕ್ಕಿಕೊಂಡ ತಮ್ಮವನನ್ನು ಸದ್ದಿಲ್ಲದೆ ಹೊರತರುವುದಕ್ಕೆ ಸೈನ್ಯದವರು ಮೊದಲು ಹೀಗೆನ್ನುತ್ತಿದ್ದರು. ಮನುಷ್ಯನನ್ನು ಕುರಿತ ಮಾತು ಈಗ ಮಾಹಿತಿಯನ್ನು ಕುರಿತ ಮಾತಾಗಿದೆ. ಇಂದಿನ ಈ ಭಾಷಣದಲ್ಲಿ ಆ ಪದದ ಬೆನ್ನು ಹಿಡಿದು ನಮ್ಮ ಊರಿನ, ನಮ್ಮ ನಾಡಿನ ಚರಿತ್ರೆಯೊಳಗೆ ಸ್ವಲ್ಪ ದೂರ ಹೋಗಿಬರಬೇಕೆಂಬುದು ನನ್ನ ಅಪೇಕ್ಷೆ.

ಪದದ ಮೂಲ ಬಹಳ ಸಾಧುವಾದದ್ದು. ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ಫಿಲ್ಟ್ರುಮ್’ ಎಂದರೆ ಉಣ್ಣೆಯನ್ನು ಬಡಿದು ಮಾಡಿದ ದಪ್ಪ ಬಟ್ಟೆ. ಅದರಲ್ಲಿ ದ್ರವವನ್ನು ಸೋಸುತ್ತಿದ್ದರು. ಅದರಿಂದ ‘ಫಿಲ್ಟರ್’ ಬಂತು. ಬಟ್ಟೆಯ ಎಳೆಗಳ ನಡುವೆ ನೀರು ಒಳಗಿಳಿಯುವಂತೆ ಒಳಸೇರುವುದು ‘ಇನ್‌ಫಿಲ್ಟ್ರೇಷನ್’. ವೈದ್ಯರು ಬಳಸುತ್ತಿದ್ದ ಈ ಮಾತನ್ನು ಮೊದಲನೆಯ ಮಹಾಯುದ್ಧದ ಕೊನೆಯ ವರ್ಷವಾದ ೧೯೧೮ರ ಜರ್ಮನ್ ಯುದ್ಧತಂತ್ರದ ವಿವರಣೆಗೆ ಸೈನಿಕ ಲೇಖಕರು ಎತ್ತಿಕೊಂಡರು. ಒಳಗೆ ಹೋದವರು ಹೊರಗೆ ಬರಬೇಕಲ್ಲವೆ? ಅದಕ್ಕೆ ‘ಎಕ್ಸ್‌ಫಿಲ್ಟ್ರೇಷನ್’ ಜೊತೆಯಾಯಿತು. ಬಾಯಿಗೆ ಉದ್ದವೆನಿಸಿದ್ದರಿಂದ ಸಿಪಾಯಿಗಳು ಅದನ್ನು ‘ಎಕ್ಸ್‌ಫಿಲ್’ ಎಂದು ಕತ್ತರಿಸಿದರು. ಕನ್ನಡದಲ್ಲಿಯೂ ಇದಕ್ಕೆ ಹತ್ತಿರದ ಒಂದು ಸೊಗಸಿದೆ. ನಾವು ‘ಶೋಧಿಸು’ ಎನ್ನುವಾಗ ಹುಡುಕುವುದನ್ನೂ ಹೇಳುತ್ತೇವೆ, ಬಟ್ಟೆಯಲ್ಲಿ ಸೋಸುವುದನ್ನೂ ಹೇಳುತ್ತೇವೆ. ಶೋಧನೆಗೆ ಸಿಕ್ಕದೆ ಶೋಧನೆಯ ಬಟ್ಟೆಯ ಎಳೆಗಳ ನಡುವೆಯೇ ಜಿನುಗಿಹೋಗುವುದು ಈ ವಿದ್ಯೆಯ ಸಾರ.

ವಿದ್ಯೆ ಹೊಸದೇನೂ ಅಲ್ಲ. ಅದನ್ನು ನಮಗೆ ತೋರಿಸಿಕೊಟ್ಟ ಗ್ರಂಥ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲಿ. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರಿಂದ ಒಂದು ತಾಳೆಗರಿಯ ಕಟ್ಟು ಬಂತು. ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ, ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, ೧೯೦೯ರಲ್ಲಿ ಸಂಸ್ಕೃತ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಅದರ ಮೊದಲನೆಯ ಅಧಿಕರಣದಲ್ಲಿ ಗೂಢಪುರುಷರ ವಿಚಾರ ಬರುತ್ತದೆ. ಅರಮನೆಯ ಒಳಗೆ ಕುಬ್ಜರಾಗಿ, ಮೂಕರಾಗಿ, ನಟರಾಗಿ, ಗಾಯಕರಾಗಿ ನಟಿಸುತ್ತ ಕೆಲವರು ಸುದ್ದಿಯನ್ನು ಸಂಗ್ರಹಿಸಬೇಕು. ಭಿಕ್ಷುಕಿಯರು ಅದನ್ನು ಹೊರಗೆ ಒಯ್ಯಬೇಕು. ಭಿಕ್ಷುಕಿಗೆ ಬಾಗಿಲಲ್ಲಿ ತಡೆಯಾದರೆ ಹಾಡಿನ ಮೂಲಕ, ವಾದ್ಯದ ಮೂಲಕ, ಪಾತ್ರೆಗಳೊಳಗೆ, ಗುಪ್ತಬರಹದಲ್ಲಿ ಅಥವಾ ಸಂಜ್ಞೆಗಳಲ್ಲಿ ಸುದ್ದಿಯನ್ನು ಸಾಗಿಸಬೇಕು. ಒಂದು ಠಾಣೆಯವರಿಗೆ ಇನ್ನೊಂದು ಠಾಣೆಯವರ ಗುರುತು ಇರಬಾರದು. ಮೂರು ಕಡೆಯಿಂದ ಬಂದ ಸುದ್ದಿ ಒಂದೇ ಆಗಿದ್ದರೆ ಮಾತ್ರ ಅರಸನು ನಂಬಬೇಕು. ಇದೆಲ್ಲ ಮಾಹಿತಿ ಹೊರಬರುವ ಮಾತಾಯಿತು.

ಸುದ್ದಿಗಾರನೇ ಹೊರಬರಬೇಕಾದರೆ? ಕೌಟಿಲ್ಯ ಅದಕ್ಕೂ ದಾರಿ ಹೇಳಿದ್ದಾನೆ. ದೀರ್ಘಕಾಲದ ಕಾಯಿಲೆಯೆಂದು ನಟಿಸಬಹುದು, ಹುಚ್ಚು ಹಿಡಿದಂತೆ ನಟಿಸಬಹುದು, ಬೆಂಕಿಯನ್ನೋ ವಿಷವನ್ನೋ ಪ್ರಯೋಗಿಸಿ ಆ ಗಲಿಬಿಲಿಯಲ್ಲಿ ಜಾರಿಕೊಳ್ಳಬಹುದು. ಈ ಹೊರಬೀಳುವಿಕೆಗೆ ಅವನು ಬಳಸಿರುವ ಪದ ‘ಗೂಢನಿರ್ಗಮನ’. ‘ಎಕ್ಸ್‌ಫಿಲ್ಟ್ರೇಷನ್’ ಎಂಬುದಕ್ಕೆ ಕನ್ನಡದಲ್ಲಿ ಪಾರಿಭಾಷಿಕ ಪದವನ್ನು ಹುಡುಕುವವರು ಬೇರೆಲ್ಲಿಯೂ ಅಲೆಯಬೇಕಾಗಿಲ್ಲ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ ಅಧ್ಯಾಯದಲ್ಲಿ ಮುಂದೆ ಬರುವ ಇನ್ನೊಂದು ಮಾತು. ಎರಡೂ ಕಡೆಯಿಂದ ಸಂಬಳ ಪಡೆಯುವ ಗೂಢಚಾರರನ್ನು ಅವನು ‘ಉಭಯವೇತನ’ರೆಂದು ಕರೆಯುತ್ತಾನೆ. ಅಂಥವರನ್ನು ನೇಮಿಸುವಾಗ ಅವರ ಹೆಂಡತಿ ಮಕ್ಕಳನ್ನು ಅರಸನು ತನ್ನ ವಶದಲ್ಲಿಟ್ಟುಕೊಂಡಿರಬೇಕೆಂದು ವಿಧಿಸುತ್ತಾನೆ. ಹೊರಗೆ ಹೋಗುವವನ ಕಥೆಯ ಜೊತೆಗೇ ಹಿಂದೆ ಉಳಿಯುವವರ ಕಥೆಯೂ ಇದೆಯೆಂಬುದು ಆ ನಿಷ್ಠುರ ಲೇಖಕನಿಗೆ ಗೊತ್ತಿತ್ತು. ನಾವು ಓದುವ ಸಾಹಸಕಥೆಗಳು ಮಾತ್ರ ಪಾರಾದವನ ಬೆನ್ನ ಹಿಂದೆಯೇ ಓಡುತ್ತವೆ. ಹಿಂದೆ ಉಳಿದವರ ಕಡೆಗೊಮ್ಮೆ ತಿರುಗಿ ನೋಡಿದರೆ ಚರಿತ್ರೆ ಬೇರೆಯಾಗಿ ಕಾಣುತ್ತದೆ ಎಂಬುದನ್ನೇ ನಾನು ಹೇಳಹೊರಟಿರುವುದು.

ಎಲ್ಲರಿಗೂ ತಿಳಿದ ಉದಾಹರಣೆಯಿಂದ ತೊಡಗೋಣ. ೧೬೬೬ರ ಆಗಸ್ಟ್ ತಿಂಗಳಲ್ಲಿ ಶಿವಾಜಿ ಆಗ್ರಾದಿಂದ ತಪ್ಪಿಸಿಕೊಂಡ ಸಂಗತಿ ಶಾಲೆಯ ಮಕ್ಕಳಿಗೂ ಗೊತ್ತು. ಔರಂಗಜೇಬನ ಕಾವಲಿನಲ್ಲಿದ್ದ ಆತ ಕಾಯಿಲೆಯೆಂದು ಮಲಗಿದ. ಗುಣವಾಗಲೆಂದು ದಾನಮಾಡುವ ನೆಪದಲ್ಲಿ ಮಿಠಾಯಿಯ ಬುಟ್ಟಿಗಳು ದಿನವೂ ಹೊರಹೋಗತೊಡಗಿದವು. ಕೊನೆಗೊಂದು ದಿನ ಆ ಬುಟ್ಟಿಗಳೊಡನೆ ತಾನೂ ಹೊರಟ. ಅರ್ಥಶಾಸ್ತ್ರದ ಕಾಯಿಲೆಯ ಉಪಾಯ ಇಲ್ಲಿ ಅಕ್ಷರಶಃ ನಡೆದಿದೆ. ಆದರೆ ಅವನ ಮಂಚದಲ್ಲಿ, ಅವನ ಹೊದಿಕೆಯೊಳಗೆ, ಕಾವಲಿನವರಿಗೆ ಕಾಣುವಂತೆ ಅವನ ಆಭರಣವಿದ್ದ ಕೈಯನ್ನು ಹೊರಚಾಚಿ ಮಲಗಿದ್ದವನು ಹೀರೋಜಿ ಫರ್ಜಂದ್. ಹೀರೋಜಿಯೇನೋ ಆಮೇಲೆ ಉಪಾಯದಿಂದ ಹೊರಬಂದ. ರಘುನಾಥ ಬಲ್ಲಾಳ ಕೋರ್ಡೆ, ತ್ರ್ಯಂಬಕ ಸೋನದೇವ ಡಬೀರ ಎಂಬಿಬ್ಬರು ಆಗ್ರಾದಲ್ಲಿ ಸಿಕ್ಕಿಬಿದ್ದು ಕೋತವಾಲನ ಚಿತ್ರಹಿಂಸೆಗೆ ಗುರಿಯಾದರು. ಒಂಬತ್ತು ವರ್ಷದ ಸಂಭಾಜಿಯನ್ನು ಮಥುರೆಯ ಒಂದು ಬ್ರಾಹ್ಮಣ ಕುಟುಂಬದಲ್ಲಿ ಬಿಟ್ಟು, ಮಗು ತೀರಿಕೊಂಡಿತೆಂದು ಸುದ್ದಿ ಹಬ್ಬಿಸಬೇಕಾಯಿತು.

ಇಪ್ಪತ್ತಮೂರು ವರ್ಷಗಳ ಅನಂತರ ಶಿವಾಜಿಯ ಕಿರಿಯ ಮಗನಿಗೂ ಇಂಥದೇ ಸಂದರ್ಭ ಒದಗಿತು. ಈ ಸಲ ಅದರ ಮುಖ್ಯ ಘಟನೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ೧೬೮೯ರ ಮಾರ್ಚಿಯಲ್ಲಿ ಔರಂಗಜೇಬನು ಸಂಭಾಜಿಯನ್ನು ಕೊಲ್ಲಿಸಿದ. ರಾಯಗಡವನ್ನು ಮೊಗಲ್ ಸೈನ್ಯ ಮುತ್ತಿತು. ಕೋಟೆಯೊಳಗೆ ಸಂಭಾಜಿಯ ವಿಧವೆ ಯೇಸೂಬಾಯಿ, ಏಳು ವರ್ಷದ ಮಗ ಶಾಹು, ಹತ್ತೊಂಬತ್ತು ವರ್ಷದ ಮೈದುನ ರಾಜಾರಾಮ ಇದ್ದರು. ಮನೆತನದವರೆಲ್ಲ ಒಂದೇ ಬಲೆಗೆ ಬೀಳಬಾರದೆಂದು ರಾಜಾರಾಮನು ಹೊರಟುಹೋಗಬೇಕೆಂಬ ತೀರ್ಮಾನವಾಯಿತು. ಯೇಸೂಬಾಯಿ ಮಗನೊಡನೆ ಕೋಟೆಯಲ್ಲಿಯೇ ಉಳಿದಳು. ರಾಜಾರಾಮ ಏಪ್ರಿಲಿನಲ್ಲಿ ರಾಯಗಡದಿಂದ ಹೊರಬಿದ್ದು ಪನ್ಹಾಳ ಸೇರಿದ. ಅಲ್ಲಿಗೂ ಮೊಗಲರು ಬಂದಾಗ, ತಂದೆ ೧೬೭೭ರಲ್ಲಿ ಗೆದ್ದಿಟ್ಟಿದ್ದ ದೂರದ ಜಿಂಜಿಯ ಕೋಟೆಯೊಂದೇ ಆಸರೆಯಾಗಿ ಕಂಡಿತು. ಆ ವರ್ಷದ ಮಳೆಗಾಲದ ಕೊನೆಯಲ್ಲಿ ಒಂದು ಸಣ್ಣ ಪರಿವಾರ ಲಿಂಗಾಯತ ಯಾತ್ರಿಕರ ವೇಷ ತೊಟ್ಟು ಕನ್ನಡನಾಡಿನ ಮೂಲಕ ದಕ್ಷಿಣಕ್ಕೆ ನಡೆಯಿತು.

ಆ ವೇಷವನ್ನು ಆರಿಸಿಕೊಂಡದ್ದರಲ್ಲಿ ಜಾಣತನವಿತ್ತು. ಕೃಷ್ಣೆಯಿಂದ ಕಾವೇರಿಯವರೆಗೆ ಊರೂರಿಗೂ ಮಠವಿದ್ದ ನಾಡಿನಲ್ಲಿ ಜಂಗಮರ ಸಂಚಾರ ಯಾರಿಗೂ ಬೆರಗಿನ ವಿಷಯವಲ್ಲ. ಸೋಸುವ ಬಟ್ಟೆಯ ಎಳೆಗಳ ನಡುವೆ ಜಾಗ ಎಲ್ಲಿದೆಯೆಂಬುದನ್ನು ಬಲ್ಲವರ ಉಪಾಯವದು. ಆದರೂ ತುಂಗಭದ್ರೆಯ ದ್ವೀಪವೊಂದರಲ್ಲಿ ತಂಗಿದ್ದಾಗ ಮೊಗಲ್ ತುಕಡಿ ಮೇಲೆ ಬಿತ್ತು. ಸಂಗಡಿಗರಲ್ಲಿ ಹಲವರು ಸೆರೆಸಿಕ್ಕರು, ರಾಜಾರಾಮ ಕೈತಪ್ಪಿಸಿಕೊಂಡ. ಮುಂದೆ ಅವನಿಗೆ ದಾರಿಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮಾಜಿ. ಮೊಗಲರ ಕೋಪಕ್ಕೆ ಗುರಿಯಾಗುವೆನೆಂದು ತಿಳಿದೂ ಆಕೆ ಶರಣು ಬಂದವನನ್ನು ಕಾಪಾಡಿದಳೆಂಬುದನ್ನು ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಅಭಿಮಾನದಿಂದ ದಾಖಲಿಸಿದೆ. ಕೋಪ ಬಂದೇ ಬಂತು. ಜಾನ್‌ನಿಸಾರ್ ಖಾನನ ಸೈನ್ಯ ಕೆಳದಿಯ ಮೇಲೆ ಏರಿಬಂತು. ಅತಿಥಿ ಆಗಲೇ ದೂರ ಹೋಗಿದ್ದ, ಯುದ್ಧ ಆತಿಥೇಯಳ ಪಾಲಿಗೆ ಬಂದಿತ್ತು.

ಹೀಗೆ ನಡೆದು ಬಂದವರು ಬೆಂಗಳೂರಿಗೆ ಬಂದು ತಂಗಿದರು. ಆಗಿನ ಬೆಂಗಳೂರಿನ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ೧೬೩೮ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಈ ಪಟ್ಟಣವನ್ನು ಗೆದ್ದಾಗ ಕೆಂಪೇಗೌಡರ ಮನೆತನ ಮಾಗಡಿಗೆ ಹಿಂದೆಗೆಯಿತು. ಇಂದು ರಾಜಾಜಿನಗರ, ವಿಜಯನಗರಗಳನ್ನು ಹಾಯ್ದು ಪಶ್ಚಿಮಕ್ಕೆ ಸಾಗುವ ಮಾಗಡಿ ರಸ್ತೆಯ ಹೆಸರಿನಲ್ಲಿ ಆ ಊರು ಉಳಿದಿದೆ. ಬೆಂಗಳೂರು ಷಾಹಜಿಗೆ ಜಹಗೀರಾಯಿತು, ಬಾಲಕ ಶಿವಾಜಿಯೂ ಕೆಲಕಾಲ ಇಲ್ಲಿದ್ದ. ಮುಂದೆ ಷಾಹಜಿಯ ಇನ್ನೊಬ್ಬ ಮಗ ಏಕೋಜಿ ತಂಜಾವೂರಿನಲ್ಲಿ ನೆಲೆಸಿದ. ೧೬೮೭ರಲ್ಲಿ ಮೊಗಲರ ಖಾಸಿಂ ಖಾನ್ ಬೆಂಗಳೂರನ್ನು ಹಿಡಿದು, ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟ. ಅಜ್ಜನ ಊರೆಂಬ ನೆನಪು ರಾಜಾರಾಮನಿಗೆ ಇದ್ದೀತು, ಆಸರೆಯೇನೂ ಇರಲಿಲ್ಲ. ಮೈಸೂರಿನವರು ಮೊಗಲರೊಡನೆ ಸ್ನೇಹದಿಂದಿದ್ದರು. ಅದಕ್ಕೂ ಮಿಗಿಲಾಗಿ, ಚಿಕ್ಕದೇವರಾಜರು ‘ಅಂಚೆ’ಯನ್ನು ಸ್ಥಾಪಿಸಿದ್ದರು. ಅದು ಕಾಗದ ಸಾಗಿಸುವ ಏರ್ಪಾಡು ಮಾತ್ರವಾಗಿರಲಿಲ್ಲ. ಊರೂರಿನ ಸುದ್ದಿಯನ್ನು ಅರಸನ ಕಿವಿಗೆ ಮುಟ್ಟಿಸುವ ಬೇಹಿನ ವ್ಯವಸ್ಥೆಯೂ ಆಗಿತ್ತೆಂದು ವಿಲ್ಕ್ಸ್ ಬರೆದಿದ್ದಾನೆ. ೧೮೮೯ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಗುವವರೆಗೂ ಮೈಸೂರಿನ ಅಂಚೆ ನಡೆದುಬಂತು. ಅಂಥ ನಾಡಿನಲ್ಲಿ ಅಪರಿಚಿತರ ಚಲನವಲನ ಕಣ್ಣಿಗೆ ಬೀಳದೆ ಇರುವುದು ಕಷ್ಟ.

ಬಿದ್ದದ್ದು ಬಹಳ ಸಣ್ಣ ಸಂಗತಿಯಿಂದ. ಮರಾಠಿ ಬಖರುಗಳು ಹೇಳುವಂತೆ, ತಂಗುದಾಣದಲ್ಲಿ ಯಾತ್ರಿಕರಲ್ಲೊಬ್ಬನ ಕಾಲನ್ನು ಸೇವಕರು ತೊಳೆದರು. ತೊಳೆದ ರೀತಿಯಲ್ಲಿ ಸಮಾನರ ನಡುವೆ ಇರದಂಥ ಭಯಭಕ್ತಿ ಕಾಣಿಸಿತು. ನೋಡಿದವರು ಕನ್ನಡದಲ್ಲಿ ಪರಸ್ಪರ ಆಡಿಕೊಂಡರು. ಇವನು ಯಾರೋ ದೊಡ್ಡ ಮನುಷ್ಯನಿರಬೇಕೆಂಬ ಅನುಮಾನ ಅಧಿಕಾರಿಗಳ ವರೆಗೆ ಹೋಗುವ ಸುಳಿವು ಪರಿವಾರದವರಿಗೆ ಸಿಕ್ಕಿತು. ಬಟ್ಟೆ ಬದಲಿಸಬಹುದು, ಭಾಷೆ ಮರೆಸಬಹುದು, ಬಾಗುವ ಬೆನ್ನಿನ ಅಭ್ಯಾಸವನ್ನು ಮರೆಸುವುದು ಸುಲಭವಲ್ಲ. ರಾಜನನ್ನು ಕೊಡಲು ಹೊರಟದ್ದು ಶತ್ರುವಿನ ಚಾತುರ್ಯವಲ್ಲ, ತನ್ನವರ ವಿನಯ. ಚರಿತ್ರೆಯಲ್ಲಿ ನಾನು ಓದಿರುವ ಗುಟ್ಟು ಬಯಲಾದ ಪ್ರಸಂಗಗಳಲ್ಲಿ ಇಷ್ಟು ಮಾನವೀಯವಾದದ್ದು ಇನ್ನೊಂದಿಲ್ಲ.

ಆಗ ಮುಂದೆ ಬಂದವನು ಖಂಡೋ ಬಲ್ಲಾಳ. ರಾಜಾರಾಮ ಒಬ್ಬಿಬ್ಬರೊಡನೆ ಬೇರೆ ದಾರಿಯಲ್ಲಿ ಹೊರಟುಹೋಗಬೇಕು, ತಾನು ಉಳಿದವರೊಡನೆ ಏನೂ ನಡೆಯದವನಂತೆ ತಂಗುದಾಣದಲ್ಲಿಯೇ ಇರಬೇಕೆಂದು ಅವನು ಏರ್ಪಡಿಸಿದ. ಅಧಿಕಾರಿಗಳು ಬಂದರು, ಹಿಡಿದೊಯ್ದರು, ಹೊಡೆದರು, ಹಿಂಸಿಸಿದರು. ನಾವು ರಾಮೇಶ್ವರದ ಯಾತ್ರೆಗೆ ಹೊರಟವರೆಂಬ ಒಂದೇ ಮಾತನ್ನು ಅವನು ಬಿಡಲಿಲ್ಲ. ಬೇರೇನೂ ಹೊರಡದಿದ್ದಾಗ ಕೊನೆಗೆ ಅವರನ್ನು ಬಿಟ್ಟರು. ಅವನು ಚೇತರಿಸಿಕೊಂಡು ಹೋಗಿ ಒಡೆಯನನ್ನು ಸೇರಿಕೊಂಡ. ಆ ವರ್ಷ ಮುಗಿಯುವುದರೊಳಗೆ ರಾಜಾರಾಮ ವೆಲ್ಲೂರಿನ ದಾರಿಯಾಗಿ ಜಿಂಜಿಯನ್ನು ಮುಟ್ಟಿದ. ಎಂಟು ವರ್ಷ ಅಲ್ಲಿಂದಲೇ ರಾಜ್ಯವಾಳಿದ.

ಈ ಖಂಡೋ ಬಲ್ಲಾಳ ಯಾರು? ಶಿವಾಜಿಯ ಪ್ರಸಿದ್ಧ ಚಿಟ್ಣೀಸ ಬಾಳಾಜಿ ಆವಜಿಯ ಮಗ. ೧೬೮೧ರಲ್ಲಿ ಒಂದು ಒಳಸಂಚಿನ ಅನುಮಾನದ ಮೇಲೆ ಆ ಬಾಳಾಜಿಯನ್ನು ಕೊಲ್ಲಿಸಿದ್ದು ಇದೇ ಮನೆತನದ ಸಂಭಾಜಿ. ತಂದೆಯನ್ನು ಕೊಂದ ಮನೆತನದ ಹುಡುಗನೊಬ್ಬನಿಗಾಗಿ ಮಗ ಬೆಂಗಳೂರಿನಲ್ಲಿ ಬೆನ್ನುಕೊಟ್ಟು ಏಟು ತಿಂದ. ಒಂದು ಮಾತು ಆಡಿದ್ದರೆ ಹಗೆಯೂ ತೀರುತ್ತಿತ್ತು, ಬಹುಮಾನವೂ ಬರುತ್ತಿತ್ತು. ಅವನು ಆಡಲಿಲ್ಲ. ರಾಜಾರಾಮನ ಪ್ರಯಾಣವನ್ನು ವರ್ಣಿಸುವವರು ಇದನ್ನು ಸ್ವಾಮಿಭಕ್ತಿಯೆಂದು ಒಂದು ಪದದಲ್ಲಿ ಮುಗಿಸುತ್ತಾರೆ. ನನಗೆ ಅಷ್ಟು ಸುಲಭವಾಗಿ ಮುಗಿಸಲು ಮನಸ್ಸು ಬಾರದು. ರಾಯಗಡದಲ್ಲಿ ಉಳಿದ ಯೇಸೂಬಾಯಿಯ ಪಾಡಂತೂ ಇನ್ನೂ ದೀರ್ಘವಾದದ್ದು. ರಾಜಾರಾಮ ಜಿಂಜಿಯನ್ನು ಸಮೀಪಿಸುತ್ತಿದ್ದ ದಿನಗಳಲ್ಲಿಯೇ ರಾಯಗಡ ಬಿತ್ತು. ಶಾಹು ೧೭೦೭ರಲ್ಲಿ ಬಿಡುಗಡೆ ಹೊಂದಿದ, ಅವನ ತಾಯಿ ಊರಿಗೆ ಹಿಂದಿರುಗಿದ್ದು ೧೭೧೯ರಲ್ಲಿ. ಒಬ್ಬನ ಕೆಲವು ತಿಂಗಳ ಪ್ರಯಾಣಕ್ಕೆ ಇನ್ನೊಬ್ಬಳ ಮೂವತ್ತು ವರ್ಷದ ಸೆರೆವಾಸ ಪಣವಾಗಿತ್ತು.

ಇದೇ ಬೆಂಗಳೂರು ಇನ್ನೊಬ್ಬನಿಗೆ ಆಶ್ರಯವಾದದ್ದೂ ಉಂಟು. ೧೭೬೦ರ ಆಗಸ್ಟಿನಲ್ಲಿ ಶ್ರೀರಂಗಪಟ್ಟಣದಲ್ಲಿ ಹೈದರ್ ಅಲಿಯ ವಿರುದ್ಧ ಅವನ ಆಪ್ತನಾಗಿದ್ದ ಖಂಡೇರಾಯ ತಿರುಗಿಬಿದ್ದ. ಹೈದರ್ ರಾತ್ರಿಯಲ್ಲಿ ಕಾವೇರಿಯನ್ನು ದಾಟಿ, ಆನೇಕಲ್ಲಿನ ದಾರಿಯಾಗಿ ಬೆಂಗಳೂರಿಗೆ ಧಾವಿಸಿದ. ಸಂಸಾರವನ್ನೂ ಬಾಲಕ ಟೀಪುವನ್ನೂ ಶತ್ರುವಿನ ಕೈಯಲ್ಲಿಯೇ ಬಿಟ್ಟು ಬಂದಿದ್ದ. ಖಂಡೇರಾಯ ಅವರಿಗೆ ಕೇಡೆಣಿಸಲಿಲ್ಲ. ಮರುವರ್ಷ ಗೆದ್ದುಬಂದ ಹೈದರ್ ಅದೇ ಖಂಡೇರಾಯನನ್ನು ಕಬ್ಬಿಣದ ಪಂಜರದಲ್ಲಿಟ್ಟು, ಗಿಣಿಗೆ ಹಾಕುವಂತೆ ಹಾಲು ಅನ್ನ ಹಾಕಿಸಿದನೆಂದು ವಿಲ್ಕ್ಸ್ ಹೇಳುತ್ತಾನೆ. ಹಿಂದೆ ಉಳಿದವರನ್ನು ಹೇಗೆ ನಡೆಸಿಕೊಂಡರೆಂಬುದರಿಂದ ಮನುಷ್ಯರನ್ನು ಅಳೆಯುವುದಾದರೆ, ಈ ಪ್ರಸಂಗದಲ್ಲಿ ಗೆದ್ದವನಿಗಿಂತ ಸೋತವನ ತೂಕವೇ ಹೆಚ್ಚು.

ಹಳೆಯ ಅರಸರ ಮಾತಾಯಿತೆಂದು ಯಾರಾದರೂ ಹೇಳಬಹುದು. ನಮ್ಮ ಕಾಲಕ್ಕೆ ಬರೋಣ. ೧೯೭೫ರ ಜೂನ್ ೨೫ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಮಂಗಳೂರಿನ ಮೂಲದ ಜಾರ್ಜ್ ಫರ್ನಾಂಡಿಸ್ ಒರಿಸ್ಸಾದ ಗೋಪಾಲಪುರದಲ್ಲಿದ್ದರು. ಬೆಸ್ತರ ವೇಷದಲ್ಲಿ ಅಲ್ಲಿಂದ ತಪ್ಪಿಸಿಕೊಂಡು, ಮುಂದೆ ಸಿಖ್ಖರ ವೇಷದಲ್ಲಿ ಊರಿಂದೂರಿಗೆ ಸಂಚರಿಸುತ್ತ ಸುಮಾರು ಒಂದು ವರ್ಷ ಪೊಲೀಸರ ಕೈಗೆ ಸಿಕ್ಕಲಿಲ್ಲ. ಅವರು ಎಲ್ಲಿದ್ದಾರೆಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗಿ ಬಂದದ್ದು ಬೆಂಗಳೂರಿನಲ್ಲಿದ್ದವರು. ೧೯೭೬ರ ಮೇ ೧ರಂದು ಅವರ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು ಬೆಂಗಳೂರಿನ ಮನೆಯಿಂದ ಪೊಲೀಸರು ಕರೆದೊಯ್ದು ಚಿತ್ರಹಿಂಸೆಗೆ ಒಳಪಡಿಸಿದರು. ಮರುದಿನ ರಂಗಭೂಮಿಯ ಕಲಾವಿದೆ ಸ್ನೇಹಲತಾ ರೆಡ್ಡಿ ಬಂಧಿತರಾದರು. ೧೯೭೦ರ ‘ಸಂಸ್ಕಾರ’ ಚಲನಚಿತ್ರದ ಚಂದ್ರಿಯಾಗಿ ಸಾಹಿತ್ಯಪ್ರಿಯರಾದ ತಮಗೆಲ್ಲ ಅವರ ಪರಿಚಯವಿದೆ. ಆಸ್ತಮಾದಿಂದ ಬಳಲುತ್ತಿದ್ದ ಆಕೆಯನ್ನು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಎಂಟು ತಿಂಗಳು ವಿಚಾರಣೆಯಿಲ್ಲದೆ ಇಟ್ಟರು. ಜಾರ್ಜ್ ಜೂನ್ ೧೦ರಂದೇ ಕಲ್ಕತ್ತೆಯಲ್ಲಿ ಸೆರೆಯಾಗಿದ್ದರೂ ಆಕೆಯ ಬಿಡುಗಡೆಯಾಗಲಿಲ್ಲ. ೧೯೭೭ರ ಜನವರಿ ೧೫ರಂದು ಪೆರೋಲಿನ ಮೇಲೆ ಹೊರಬಂದ ಆಕೆ ಜನವರಿ ೨೦ರಂದು ತೀರಿಕೊಂಡರು. ಆ ಮಾರ್ಚಿನ ಚುನಾವಣೆಯಲ್ಲಿ ಜಾರ್ಜ್ ಸೆರೆಮನೆಯಿಂದಲೇ ಗೆದ್ದು ಮುಂದೆ ಮಂತ್ರಿಯಾದರು.

ಯಾರ ಪಕ್ಷ ಸರಿ, ಯಾರ ಮಾರ್ಗ ತಪ್ಪು ಎಂಬ ವಿಚಾರ ಇಲ್ಲಿ ನನ್ನದಲ್ಲ. ೧೬೮೯ರಲ್ಲಿ ಖಂಡೋ ಬಲ್ಲಾಳ ನಿಂತ ಊರಿನಲ್ಲಿಯೇ ೧೯೭೬ರಲ್ಲಿ ಇವರು ನಿಲ್ಲಬೇಕಾಯಿತು, ಕೇಳಿದ ಪ್ರಶ್ನೆಯೂ ಅದೇ ಆಗಿತ್ತು. ವ್ಯತ್ಯಾಸವೇನೆಂದರೆ ಖಂಡೋ ಬಲ್ಲಾಳ ತಾನಾಗಿ ಉಳಿದವನು. ನಂತರದ ಕಾಲದಲ್ಲಿ ಉಳಿಯುವುದು ಬಿಡುವುದು ಬಹಳ ಸಲ ಉಳಿದವರ ಕೈಯಲ್ಲಿರುವುದಿಲ್ಲ. ಹೊರನಾಡಿನಲ್ಲಿಯೂ ಹೀಗೆಯೇ. ೧೯೮೫ರ ಜುಲೈನಲ್ಲಿ ಬ್ರಿಟನ್ನಿನವರು ತಮ್ಮ ಗೂಢಚಾರನಾಗಿದ್ದ ಸೋವಿಯತ್ ಅಧಿಕಾರಿ ಒಲೆಗ್ ಗೋರ್ಡಿಯೆವ್‌ಸ್ಕಿಯನ್ನು ಕಾರಿನ ಹಿಂಬದಿಯ ಪೆಟ್ಟಿಗೆಯಲ್ಲಿ ಮಲಗಿಸಿ ಫಿನ್ಲೆಂಡಿಗೆ ದಾಟಿಸಿದರು. ‘ಎಕ್ಸ್‌ಫಿಲ್ಟ್ರೇಷನ್’ ಎಂಬ ಪದಕ್ಕೆ ಗೂಢಚಾರಿಕೆಯ ಪುಸ್ತಕಗಳು ಕೊಡುವ ಮಾದರಿಯೇ ಅದು. ಅವನ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ಮಾತ್ರ ೧೯೯೧ರವರೆಗೆ ಅವನನ್ನು ಸೇರಲಾಗಲಿಲ್ಲ. ಕೌಟಿಲ್ಯನ ಲೆಕ್ಕ ಮಾಸ್ಕೋದಲ್ಲಿಯೂ ಸುಳ್ಳಾಗಲಿಲ್ಲ.

ಇನ್ನು ಗಣಕಯಂತ್ರದ ಕಡೆಗೆ ಬರುತ್ತೇನೆ. ಮಾಹಿತಿಯ ಕಳವಿಗೆ ನಮ್ಮ ಪತ್ರಿಕೆಗಳು ‘ಕನ್ನ’ ಎಂಬ ಹಳೆಯ ಪದವನ್ನು ಬಳಸುತ್ತವೆ. ಖಾತೆಗೆ ಕನ್ನ, ಜಾಲತಾಣಕ್ಕೆ ಕನ್ನ ಎಂದು ತಲೆಬರಹಗಳನ್ನು ತಾವು ನೋಡಿದ್ದೀರಿ. ಪದ ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪುವುದಿಲ್ಲ. ಕನ್ನವೆಂದರೆ ಗೋಡೆಯಲ್ಲಿ ಕೊರೆದ ಕಂಡಿ. ‘ಮೃಚ್ಛಕಟಿಕ’ದ ಶರ್ವಿಲಕ ಚಾರುದತ್ತನ ಮನೆಗೆ ಕನ್ನ ಹಾಕುವಾಗ ಕಂಡಿಗೆ ಯಾವ ಆಕಾರ ಕೊಡಬೇಕೆಂದು ಶಿಲ್ಪಿಯಂತೆ ಯೋಚಿಸುತ್ತಾನೆ. ಬೆಳಗಾದರೆ ಮನೆಯವರಿಗೆ ಕಂಡಿ ಕಾಣುತ್ತದೆ, ಒಡವೆಯ ಗಂಟು ಇಲ್ಲದ್ದು ತಿಳಿಯುತ್ತದೆ. ಮಾಹಿತಿಯ ಗೂಢನಿರ್ಗಮನದಲ್ಲಿ ಕಂಡಿಯೂ ಇರಲಾರದು, ಗಂಟೂ ಇದ್ದಲ್ಲಿಯೇ ಇರುತ್ತದೆ. ಹೊರಗೆ ಹೋಗುವುದು ನಕಲು. ಮೂಲ ತನ್ನ ಸ್ಥಾನದಲ್ಲಿ ಹಾಗೆಯೇ ಇರುವುದರಿಂದ ಏನೋ ಕಳೆದುಹೋಗಿದೆ ಎಂಬ ಅರಿವು ತಿಂಗಳುಗಟ್ಟಲೆ ಬಾರದಿರಬಹುದು.

ಅದು ಹೊರಹೋಗುವ ಬಗೆಯನ್ನು ಕೇಳಿದಾಗ ನನಗೆ ಅರ್ಥಶಾಸ್ತ್ರವೇ ಮತ್ತೆ ನೆನಪಾಯಿತು. ಕಳ್ಳನು ಮಾಹಿತಿಯನ್ನು ಒತ್ತಿ ಚಿಕ್ಕದು ಮಾಡಿ, ಗುಪ್ತಲಿಪಿಗೆ ತಿರುಗಿಸಿ, ಸಣ್ಣ ಸಣ್ಣ ತುಣುಕುಗಳಾಗಿ ಹರಿದು, ದಿನನಿತ್ಯದ ವ್ಯವಹಾರದ ಜೊತೆಗೆ ಬೆರೆಸಿ ಕಳುಹಿಸುತ್ತಾನೆ. ಪ್ರತಿಯೊಂದು ಗಣಕಯಂತ್ರವೂ ಜಾಲದಲ್ಲಿ ಯಾವುದಾದರೊಂದು ತಾಣವನ್ನು ಮುಟ್ಟಬೇಕಾದರೆ ಮೊದಲು ಅದರ ಹೆಸರು ಹೇಳಿ ವಿಳಾಸ ಕೇಳುತ್ತದೆ. ದಿನಕ್ಕೆ ಸಾವಿರಾರು ಸಲ ನಡೆಯುವ ಈ ವಿಚಾರಣೆಯ ಬಾಗಿಲನ್ನು ಸಾಮಾನ್ಯವಾಗಿ ಯಾರೂ ಮುಚ್ಚುವುದಿಲ್ಲ. ಕಳ್ಳನು ಕದ್ದ ತುಣುಕನ್ನು ಆ ಹೆಸರಿನ ಅಕ್ಷರಗಳೊಳಗೇ ತುಂಬಿಬಿಡುತ್ತಾನೆ. ವಿಳಾಸ ಕೇಳುವ ಪ್ರಶ್ನೆಯೆಂದು ಕಾವಲುಗಾರ ದಾರಿ ಬಿಡುತ್ತಾನೆ, ಪ್ರಶ್ನೆಯ ಒಡಲಲ್ಲಿ ಮಾಲು ಹೊರಗೆ ಹೋಗುತ್ತದೆ. ಇನ್ನು ಕೆಲವರು ಚಿತ್ರದ ಬಣ್ಣದ ಬಿಂದುಗಳಲ್ಲಿ ಅಕ್ಷರಗಳನ್ನು ಅಡಗಿಸುತ್ತಾರೆ. ವಾದ್ಯದಲ್ಲಿ, ಪಾತ್ರೆಯಲ್ಲಿ, ಹಾಡಿನಲ್ಲಿ ಸುದ್ದಿಯನ್ನು ಸಾಗಿಸುತ್ತಿದ್ದ ಭಿಕ್ಷುಕಿಯ ಬಳಗದವರಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯ ಬೀಳುತ್ತಿರಲಿಲ್ಲ. ಹಿಡಿಯುವವನ ಉಪಾಯವೂ ಹಳೆಯದೇ. ಬೆಂಗಳೂರಿನ ತಂಗುದಾಣದಲ್ಲಿ ಕಾಲು ತೊಳೆದ ರೀತಿಯನ್ನು ಗಮನಿಸಿದವರಂತೆ, ಇಂದಿನ ಕಾವಲಿನವರೂ ವೇಷವನ್ನು ಬಿಟ್ಟು ನಡೆವಳಿಕೆಯನ್ನು ನೋಡುತ್ತಾರೆ. ಎಂದೂ ಮಾತಾಡದ ಯಂತ್ರ ನಡುರಾತ್ರಿಯಲ್ಲಿ ಏಕೆ ಇಷ್ಟೊಂದು ಪ್ರಶ್ನೆ ಕೇಳುತ್ತಿದೆಯೆಂದು ಅನುಮಾನಿಸುತ್ತಾರೆ.

ಇಷ್ಟರವರೆಗೆ ಹೋಲಿಕೆ ನಡೆಯಿತು. ಹಿಂದೆ ಉಳಿದವರ ವಿಷಯಕ್ಕೆ ಬಂದಾಗ ಮಾತ್ರ ಅದು ನಿಂತುಹೋಗುತ್ತದೆ. ೨೦೨೦ರಲ್ಲಿ ಬೆಂಗಳೂರಿನ ದಿನಸಿ ಮಾರಾಟದ ಸಂಸ್ಥೆಯಾದ ಬಿಗ್‌ಬ್ಯಾಸ್ಕೆಟ್‌ನ ಸುಮಾರು ಎರಡು ಕೋಟಿ ಗ್ರಾಹಕರ ವಿವರಗಳು ಜಾಲದ ಕತ್ತಲ ಸಂತೆಯಲ್ಲಿ ಮಾರಾಟಕ್ಕೆ ಬಂದದ್ದು ಬೆಳಕಿಗೆ ಬಂತು. ಸಂಸ್ಥೆ ಬೆಂಗಳೂರಿನ ಸೈಬರ್ ಅಪರಾಧ ವಿಭಾಗಕ್ಕೆ ದೂರು ಕೊಟ್ಟಿತು. ಅಕ್ಕಿ ಬೇಳೆ ತರಿಸಿಕೊಳ್ಳಲೆಂದು ಮನೆಯ ವಿಳಾಸವನ್ನೂ ದೂರವಾಣಿಯ ಸಂಖ್ಯೆಯನ್ನೂ ಬರೆದುಕೊಟ್ಟ ಗೃಹಸ್ಥರು ಯಾವ ಕೋಟೆಯ ಗುಟ್ಟನ್ನೂ ಬಲ್ಲವರಲ್ಲ. ಅವರು ಮನೆಯಲ್ಲಿಯೇ ಇದ್ದರು, ಅವರ ಹೆಸರು ಊರುಬಿಟ್ಟು ಹೋಗಿತ್ತು. ಖಂಡೋ ಬಲ್ಲಾಳನಿಗೆ ತಾನು ಏಕೆ ಏಟು ತಿನ್ನುತ್ತಿದ್ದೇನೆಂದು ಗೊತ್ತಿತ್ತು. ಯೇಸೂಬಾಯಿಗೂ ಗೊತ್ತಿತ್ತು. ಇವರಿಗೆ ತಾವು ಹಿಂದೆ ಉಳಿದವರೆಂಬುದೇ ಗೊತ್ತಿರುವುದಿಲ್ಲ. ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಅಪರಿಚಿತ ದನಿಯೊಂದು ದೂರವಾಣಿಯಲ್ಲಿ ಹೆಸರು ಹಿಡಿದು ಕರೆದಾಗ ಮಾತ್ರ ಬೆಲೆ ತೆರುವ ಸರದಿ ಬಂತೆಂದು ತಿಳಿಯುತ್ತದೆ.

ಈ ಬಗೆಯ ನಷ್ಟಕ್ಕೆ ಒಂದು ಹೆಸರು ಬೇಕಾಗಿತ್ತು. ಅದನ್ನು ನ್ಯಾಯಾಲಯದ ಬಾಯಿಂದ ಹೇಳಿಸಿದವರು ನಮ್ಮ ನಾಡಿನ ಹಿರಿಯರೊಬ್ಬರೆಂಬುದು ಸಮಾಧಾನದ ಸಂಗತಿ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅದರ ಫಲವಾಗಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪು ಕೊಟ್ಟಿತು. ೨೦೨೩ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಸಂಸತ್ತು ಕಾನೂನನ್ನೂ ಮಾಡಿತು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೊಂಬತ್ತೆಂಟನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ನನ್ನ ವಿವರವನ್ನು ಇಟ್ಟುಕೊಂಡವನು ಅದರ ಒಡೆಯನಲ್ಲ, ಕಾವಲುಗಾರ ಎಂಬ ತಿಳಿವಳಿಕೆ ಈ ತೀರ್ಪು, ಈ ಕಾನೂನುಗಳ ಹಿಂದೆ ಇದೆ. ಅದು ಬಳಕೆಯ ಮಾತಾಗಬೇಕಾದರೆ ಇನ್ನೂ ಕಾಲ ಹಿಡಿದೀತು.

ತಾಂತ್ರಿಕ ಪದಗಳಲ್ಲಿ ಒಂದು ಅಪಾಯವಿದೆ. ಅವು ಕೆಲಸವನ್ನು ಹೇಳುತ್ತವೆ, ಕೆಲಸದ ಬೆಲೆಯನ್ನು ಹೇಳುವುದಿಲ್ಲ. ‘ಎಕ್ಸ್‌ಫಿಲ್’ ಎಂದಾಗ ಒಂದು ಚುರುಕಾದ, ನಿರ್ವಿಕಾರವಾದ ಕ್ರಿಯೆ ಕಣ್ಣಮುಂದೆ ಬರುತ್ತದೆ, ಮನುಷ್ಯರು ಕಾಣುವುದಿಲ್ಲ. ನಮ್ಮ ಆಡುಮಾತಿನಲ್ಲಿ ಇದಕ್ಕೆ ಸಮೀಪದ ಪದವೆಂದರೆ ‘ಪಾರಾಗು’. ಪಾರವೆಂದರೆ ನದಿಯ ಆಚೆಯ ದಡ. ಆಚೆಯ ದಡವೆಂಬ ಮಾತಿನಲ್ಲಿಯೇ ಈಚೆಯ ದಡವೂ ಸೇರಿದೆ. ತುಂಗಭದ್ರೆಯನ್ನು ದಾಟಿದವನು ರಾಜನಾದ. ಈಚೆಯ ದಡದಲ್ಲಿ ಸೆರೆಸಿಕ್ಕ ಸಂಗಡಿಗರಲ್ಲಿ ಹೆಚ್ಚಿನವರ ಹೆಸರುಗಳು ಕೂಡ ನಮಗೆ ಉಳಿದುಬಂದಿಲ್ಲ. ಪಾರಾದವರ ಜಾಣ್ಮೆಯನ್ನು ಮೆಚ್ಚೋಣ. ಮೆಚ್ಚುವಾಗ ಈಚೆಯ ದಡದಲ್ಲಿ ಎಷ್ಟು ಮಂದಿ ಉಳಿದರೆಂದು ಎಣಿಸುವ ಅಭ್ಯಾಸವನ್ನೂ ಇಟ್ಟುಕೊಳ್ಳೋಣ. ಚರಿತ್ರೆಯನ್ನು ಓದುವವರಿಗೂ, ಪರರ ಮಾಹಿತಿಯನ್ನು ತಮ್ಮ ಯಂತ್ರಗಳಲ್ಲಿ ಕೂಡಿಟ್ಟುಕೊಂಡಿರುವವರಿಗೂ ಆ ಎಣಿಕೆ ಸಮಾನವಾಗಿ ಅಗತ್ಯವಾದದ್ದು.